ಆಸ್ಪತ್ರೆಯ ಕೀಲಿಕೈಯೂ ಒಂದು ಅಮಾನತ್

ಸಕಲೇಶಪುರವನ್ನು ದಾಟಿ ಮಂಗಳೂರಿನತ್ತ ಇಳಿಯುವ ಹೆದ್ದಾರಿಯಲ್ಲಿ ದೋಣಿಗಲ್ ಎಂಬ ಊರಿದೆ. 2021ರ ಜುಲೈ ತಿಂಗಳಲ್ಲಿ ಇಲ್ಲಿ ಹೆದ್ದಾರಿಯೇ ಕುಸಿದು ಶಿರಾಡಿ ಘಾಟಿಯ ಸಂಚಾರ ನಿಂತಿತು. ದೋಣಿಗಲ್ ನಿಲ್ದಾಣದ ಮೂಲಕ ಸಾಗುವ ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ರೈಲುಮಾರ್ಗದಲ್ಲಿ ಸುಮಾರು 55 ಕಿ.ಮೀ. ಅಂತರಕ್ಕೆ 57 ಸುರಂಗಗಳಿವೆ. 2018ರ ಆಗಸ್ಟ್‌ನಲ್ಲಿಯೂ 2024ರ ಜುಲೈಯಲ್ಲಿಯೂ ಗುಡ್ಡ ಕುಸಿದು ಆ ದಾರಿಯೂ ಮುಚ್ಚಿತು. ಇಂಥ ಮಳೆಗಾಲದಲ್ಲಿ ಘಟ್ಟದ ಅಂಚಿನ ಕಾಫಿ ತೋಟವೊಂದರ ಲೈನ್ ಮನೆಯಲ್ಲಿ ದಿನ ತುಂಬಿದ ಗರ್ಭಿಣಿಯೊಬ್ಬಳಿದ್ದರೆ ಅವಳ ಜೀವ ಯಾರ ಕೈಯಲ್ಲಿದೆ? ಜೀವ ಮರಣಗಳು ಅಲ್ಲಾಹನ ಅಧೀನ, ಅದರಲ್ಲಿ ಸಂಶಯವಿಲ್ಲ. ಆದರೆ ಮನುಷ್ಯರ ಪೈಕಿ ಯಾರು ಉತ್ತರದಾಯಿಗಳು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಹೇಳುವುದು ವೈದ್ಯರ ಹೆಸರನ್ನು. ಈ ಉತ್ತರ ಅರ್ಧ ಮಾತ್ರ ಸರಿ ಎಂಬುದು ನಮ್ಮ ವಾದ.

ಆಕೆಯ ಹೆರಿಗೆಯ ದಿನವನ್ನು ಆಶಾ ಕಾರ್ಯಕರ್ತೆ ಬರೆದಿಟ್ಟಿರಬೇಕು. ಅಂಥ ಪಟ್ಟಿಗಳನ್ನೆಲ್ಲ ಒಟ್ಟುಗೂಡಿಸಿ, ಮಳೆ ಬಿರುಸಾಗುವ ಮೊದಲೇ ಯಾರನ್ನು ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಗೆ ಕರೆತರಬೇಕು, ಯಾರನ್ನು ಸುಮಾರು 40 ಕಿ.ಮೀ. ದೂರದ ಹಾಸನಕ್ಕೆ ಕಳುಹಿಸಬೇಕು ಎಂದು ಯಾರಾದರೂ ನಿರ್ಧರಿಸಿರಬೇಕು. 108 ಆಂಬುಲೆನ್ಸ್ ಎಲ್ಲಿ ನಿಂತಿರಬೇಕು, ಘಾಟಿ ಮುಚ್ಚಿದರೆ ಯಾವ ದಾರಿ ಹಿಡಿಯಬೇಕು, ವಿದ್ಯುತ್ ಹೋದರೆ ಜನರೇಟರಿಗೆ ಡೀಸೆಲ್ ಇದೆಯೇ, ಲಸಿಕೆಯ ಪೆಟ್ಟಿಗೆ 2ರಿಂದ 8 ಡಿಗ್ರಿಯೊಳಗೆ ಉಳಿದಿದೆಯೇ, ಹಾವು ಕಡಿತದ ಚುಚ್ಚುಮದ್ದು ದಾಸ್ತಾನಿನಲ್ಲಿದೆಯೇ, ರಾತ್ರಿ ಪಾಳಿಯ ದಾದಿ ರಜೆ ಹಾಕಿದರೆ ಬದಲಿಗೆ ಯಾರು, ಇವೆಲ್ಲವನ್ನೂ ಮುಂಚಿತವಾಗಿ ಯೋಚಿಸುವವನು ರೋಗಿಯ ಕಣ್ಣಿಗೆ ಬೀಳುವುದಿಲ್ಲ. ಅವನ ಕುತ್ತಿಗೆಯಲ್ಲಿ ಸ್ಟೆತೊಸ್ಕೋಪ್ ಇಲ್ಲ. ಅವನನ್ನು ಆಡಳಿತಾಧಿಕಾರಿ, ಕಾರ್ಯಕ್ರಮ ವ್ಯವಸ್ಥಾಪಕ, ಮ್ಯಾನೇಜರ್ ಎಂದೆಲ್ಲ ಕರೆಯುತ್ತಾರೆ. ಆಸ್ಪತ್ರೆಯ ಕೀಲಿಕೈ ಅವನ ಬಳಿ ಇರುತ್ತದೆ.

ಆ ಕೀಲಿಕೈ ಜವಾಬ್ದಾರಿಯಿಲ್ಲದ ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯವೇ ಸಾಕ್ಷಿಯಾಗಿದೆ. 2021ರ ಮೇ 2ರ ರಾತ್ರಿಯಿಂದ ಮರುದಿನದ ನಡುವೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ರೋಗಿಗಳು ಅಸುನೀಗಿದರು. ಆಸ್ಪತ್ರೆಯ ಕಟ್ಟಡವಿತ್ತು, ಹಾಸಿಗೆಗಳಿದ್ದವು, ವೈದ್ಯರೂ ದಾದಿಯರೂ ಇದ್ದರು. ಬೇಕಾದಷ್ಟು ಆಮ್ಲಜನಕ ಬೇಕಾದ ಹೊತ್ತಿಗೆ ಬರಲಿಲ್ಲ. ಎಷ್ಟು ಸಿಲಿಂಡರ್ ಉಳಿದಿದೆ, ಎಷ್ಟು ಗಂಟೆಗೆ ಅದು ಸಾಲುತ್ತದೆ, ಮುಂದಿನ ಲಾರಿ ಎಲ್ಲಿದೆ ಎಂಬ ಮೂರು ಪ್ರಶ್ನೆಗಳು ವೈದ್ಯಶಾಸ್ತ್ರಕ್ಕೆ ಸೇರಿದವಲ್ಲ, ಆಡಳಿತಕ್ಕೆ ಸೇರಿದವು. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಮೂಲಕ ಹೆರಿಗೆಯಾದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರಂತೆ ಮರಣ ಹೊಂದಿದರು. ಅವರಿಗೆ ಏರಿಸಿದ ದ್ರಾವಣದ ಗುಣಮಟ್ಟವೇ ಪ್ರಶ್ನೆಗೆ ಒಳಗಾಯಿತು, ರಾಜ್ಯದ ಔಷಧ ನಿಯಂತ್ರಕರ ಅಮಾನತಿನವರೆಗೆ ಅದು ಹೋಯಿತು. ಖರೀದಿ, ಪರೀಕ್ಷೆ, ದಾಸ್ತಾನು, ಹಂಚಿಕೆ ಎಂಬ ಸಪ್ಪೆ ಪದಗಳ ಹಿಂದೆ ತಾಯಂದಿರ ಪ್ರಾಣವಿದೆ ಎಂಬುದನ್ನು ಆ ಶವಪೆಟ್ಟಿಗೆಗಳು ಹೇಳಿದವು.

ಇಷ್ಟಾದರೂ ನಮ್ಮ ಮನೆಗಳಲ್ಲಿ ನಡೆಯುತ್ತಿರುವುದೇನು? ಮಗ ಅಥವಾ ಮಗಳು ವಿಜ್ಞಾನ ಓದುತ್ತಿದ್ದರೆ ಒಂದೇ ಗುರಿ: ನೀಟ್ ಮತ್ತು ವೈದ್ಯಕೀಯ ಸೀಟು. ಅದು ಸಿಗದಿದ್ದರೆ ಎರಡು ವರ್ಷ, ಮೂರು ವರ್ಷ ಕಾಯಿಸುತ್ತಾರೆ, ಜಮೀನು ಮಾರಿ ವಿದೇಶಕ್ಕೆ ಕಳುಹಿಸುತ್ತಾರೆ. ಆಸ್ಪತ್ರೆಯ ಆಡಳಿತ ಓದುತ್ತೇನೆ, ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆಯುತ್ತೇನೆ, ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಪರೀಕ್ಷೆಗೆ ಕೂರುತ್ತೇನೆ ಎಂದು ಮಗು ಹೇಳಿದರೆ ಮನೆಯಲ್ಲಿ ಮೌನ. ಅದು ಗುಮಾಸ್ತರ ಕೆಲಸವಂತೆ, ಕಡತ ಹೊರುವ ಕೆಲಸವಂತೆ, ಮದುವೆಯ ಮಾತುಕತೆಯಲ್ಲಿ ಹೇಳಿಕೊಳ್ಳಲು ಚೆನ್ನಾಗಿರುವುದಿಲ್ಲವಂತೆ. ವೈದ್ಯರಾಗುವುದನ್ನು ನಾವು ಎಳ್ಳಷ್ಟೂ ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಬಿಳಿ ಕೋಟಿಗೆ ಮಾತ್ರ ಸೇವೆಯ ಪುಣ್ಯವಿದೆ, ಲೆಕ್ಕದ ಪುಸ್ತಕಕ್ಕೆ ಇಲ್ಲ ಎಂಬ ಎಣಿಕೆಗೆ ಇಸ್ಲಾಮಿನಲ್ಲಿ ಯಾವ ಆಧಾರವೂ ಇಲ್ಲ ಎಂದು ಖಂಡಿತವಾಗಿ ಹೇಳುತ್ತೇವೆ.

ಪವಿತ್ರ ಕುರ್‌ಆನ್ ಒಬ್ಬ ಆಡಳಿತಗಾರನ ಚರಿತ್ರೆಯನ್ನು ಒಂದಿಡೀ ಅಧ್ಯಾಯದಲ್ಲಿ ವಿವರಿಸಿದೆ. ಪ್ರವಾದಿ ಯೂಸುಫ್(ಅ) ಸೆರೆಮನೆಯಿಂದ ಹೊರಬಂದಾಗ ಈಜಿಪ್ಟಿನ ಅರಸನ ಮುಂದೆ ಇಟ್ಟ ಬೇಡಿಕೆ ನಾಡಿನ ಉಗ್ರಾಣಗಳ ಉಸ್ತುವಾರಿಯಾಗಿತ್ತು. ಅದಕ್ಕೆ ಅವರು ತಮ್ಮ ಎರಡು ಅರ್ಹತೆಗಳನ್ನು ಹೇಳಿಕೊಂಡರು: ಕಾಪಾಡುವ ಗುಣ ಮತ್ತು ಅರಿವು. ವಂಶವನ್ನು ಹೇಳಿಕೊಳ್ಳಲಿಲ್ಲ, ತಾವು ಪ್ರವಾದಿಯ ಮಗನೆಂಬುದನ್ನೂ ಹೇಳಿಕೊಳ್ಳಲಿಲ್ಲ. ಸಮೃದ್ಧಿಯ ಏಳು ವರ್ಷಗಳಲ್ಲಿ ಕೂಡಿಡುವುದು, ಬರದ ಏಳು ವರ್ಷಗಳಲ್ಲಿ ಅಳೆದು ಹಂಚುವುದು ಅವರ ಯೋಜನೆ. ಇಂದಿನ ಭಾಷೆಯಲ್ಲಿ ಅದು ದಾಸ್ತಾನು ನಿರ್ವಹಣೆಯೇ ಹೊರತು ಬೇರೇನೂ ಅಲ್ಲ. ಅರಸ ಅವರ ಧರ್ಮದವನಾಗಿರಲಿಲ್ಲ, ಧಾನ್ಯ ತಿಂದ ಜನರೂ ಅವರ ಕುಲದವರಾಗಿರಲಿಲ್ಲ. ಕನಾನಿನಿಂದ ಸ್ವಂತ ಅಣ್ಣಂದಿರು ಬಂದಾಗಲೂ ತಲೆಗೊಂದು ಒಂಟೆಯ ಹೊರೆ ಎಂಬ ಲೆಕ್ಕವೇ ನಡೆಯಿತು, ಮತ್ತೊಂದು ಹೊರೆ ಬೇಕಿದ್ದರೆ ಮತ್ತೊಬ್ಬ ಸಹೋದರ ಬರಬೇಕಿತ್ತು. ಬಹುಸಂಖ್ಯಾತರ ನಾಡಿನಲ್ಲಿ ಅಲ್ಪಸಂಖ್ಯಾತನೊಬ್ಬ ಸರಕಾರಿ ಉಗ್ರಾಣದ ಕೀಲಿಕೈ ಹಿಡಿದು ಎಲ್ಲರ ಪ್ರಾಣ ಉಳಿಸಿದ ಈ ವೃತ್ತಾಂತವನ್ನು ರಮಝಾನಿನಲ್ಲಿ ಕೇಳಿ ಕಣ್ಣೀರು ತುಂಬಿಕೊಳ್ಳುವವರು, ಅದೇ ಕೆಲಸವನ್ನು ತಮ್ಮ ಮಗ ಆರಿಸಿಕೊಂಡರೆ ಮುಖ ಸಿಂಡರಿಸುವುದೇಕೆ?

ಹುದ್ದೆಯನ್ನು ಕೇಳಿ ಪಡೆಯುವುದನ್ನು ಪ್ರವಾದಿ(ಸ) ನಿರುತ್ಸಾಹಗೊಳಿಸಿಲ್ಲವೇ ಎಂಬ ಪ್ರಶ್ನೆ ಬರಬಹುದು. ಹೌದು. ಅಧಿಕಾರ ಕೇಳಿದ ಹಝ್ರತ್ ಅಬೂದರ್ರ್(ರ)ರಿಗೆ, ನೀವು ದುರ್ಬಲರು, ಇದೊಂದು ಅಮಾನತ್, ಇದರ ಹಕ್ಕನ್ನು ಪೂರೈಸದವರಿಗೆ ಅಂತ್ಯದಿನದಲ್ಲಿ ಇದು ಅಪಮಾನವೂ ಪಶ್ಚಾತ್ತಾಪವೂ ಆದೀತು ಎಂಬ ಅರ್ಥದ ಎಚ್ಚರಿಕೆಯನ್ನು ಅವರು ನೀಡಿದರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಅಬೂದರ್ರ್(ರ)ರ ಭಕ್ತಿಯಲ್ಲಾಗಲಿ ಪ್ರಾಮಾಣಿಕತೆಯಲ್ಲಾಗಲಿ ಯಾರಿಗೂ ಸಂಶಯವಿರಲಿಲ್ಲ. ಹಾಗಾದರೆ ಪಾಠವೇನು? ಭಕ್ತಿಯೊಂದೇ ಆಡಳಿತಕ್ಕೆ ಸಾಲದು, ಸಾಮರ್ಥ್ಯ ಬೇಕು. ಮದ್‌ಯನ್‌ನ ಆ ಹೆಣ್ಣುಮಗಳು ತಂದೆಗೆ ಪ್ರವಾದಿ ಮೂಸಾ(ಅ)ರನ್ನು ಕೆಲಸಕ್ಕೆ ನೇಮಿಸಿಕೊಳ್ಳಲು ಹೇಳುವಾಗಲೂ ಶಕ್ತಿ ಮತ್ತು ವಿಶ್ವಾಸಾರ್ಹತೆ ಎಂಬ ಎರಡನ್ನು ಜೊತೆಯಾಗಿಯೇ ಹೇಳಿದಳು. ಒಳ್ಳೆಯವನು ಆದರೆ ಲೆಕ್ಕ ಬಾರದು ಎಂಬವನೂ, ಲೆಕ್ಕ ಬಲ್ಲ ಆದರೆ ಕೈ ಶುದ್ಧವಿಲ್ಲ ಎಂಬವನೂ ಆಸ್ಪತ್ರೆಯ ಆ ಕುರ್ಚಿಗೆ ಸಮಾನ ಅಪಾಯ.

ನಮ್ಮ ಇತಿಹಾಸವನ್ನು ನೋಡೋಣ. ಖಂದಕ್ ಯುದ್ಧದಲ್ಲಿ ಗಾಯಗೊಂಡ ಹಝ್ರತ್ ಸಅದ್ ಬಿನ್ ಮುಆದ್(ರ)ರನ್ನು ಪ್ರವಾದಿಯವರ(ಸ) ಮಸೀದಿಯ ಗುಡಾರದಲ್ಲಿ ಆರೈಕೆಗೆ ಇರಿಸಲಾಯಿತು. ಆ ಗುಡಾರವನ್ನು ನಡೆಸುತ್ತಿದ್ದವರು ರುಫೈದಾ(ರ) ಎಂಬ ಮಹಿಳೆ ಎಂದು ಚರಿತ್ರೆಕಾರರು ಬರೆದಿದ್ದಾರೆ. ಮುಂದೆ 1154ರಲ್ಲಿ ದಮಸ್ಕಸ್‌ನಲ್ಲಿ ನೂರುದ್ದೀನ್, 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಖಲಾವೂನ್ ಕಟ್ಟಿಸಿದ ಬೀಮಾರಿಸ್ತಾನ್‌ಗಳು ಜಗತ್ಪ್ರಸಿದ್ಧವಾದವು. ಇವುಗಳ ಹೆಸರು ಬಂದಾಗ ನಮ್ಮ ಭಾಷಣಗಳಲ್ಲಿ ವೈದ್ಯರ ಹೆಸರುಗಳು ಮಳೆಯಂತೆ ಸುರಿಯುತ್ತವೆ. ಅಲ್ಲಿ ನಾಝಿರ್ ಎಂಬ ಆಡಳಿತಾಧಿಕಾರಿಯೊಬ್ಬನಿದ್ದ ಎಂಬುದನ್ನು ಯಾರೂ ಹೇಳುವುದಿಲ್ಲ. ವಕ್ಫ್ ಆಸ್ತಿಗಳ ಬಾಡಿಗೆ ವಸೂಲು ಮಾಡಿ, ಔಷಧ, ಆಹಾರ, ಹಾಸಿಗೆ, ಸಿಬ್ಬಂದಿಯ ಸಂಬಳ ಇವೆಲ್ಲಕ್ಕೂ ಲೆಕ್ಕವಿಟ್ಟವನು ಅವನು. ಶತಮಾನಗಳ ಕಾಲ ಆ ಆಸ್ಪತ್ರೆಗಳ ಬಾಗಿಲು ತೆರೆದಿದ್ದುದು ವೈದ್ಯರ ಪ್ರತಿಭೆಯೊಂದರಿಂದಲೇ ಅಲ್ಲ.

ಇಂದಿಗೆ ಬಂದರೆ ನಮ್ಮಲ್ಲಿ ದಾನಕ್ಕೆ ಕೊರತೆಯಿಲ್ಲ. ಜಮಾಅತ್‌ಗಳು ಆಂಬುಲೆನ್ಸ್ ಕೊಡುತ್ತವೆ, ಯುವಕರು ರಕ್ತದಾನ ಶಿಬಿರ ನಡೆಸುತ್ತಾರೆ, ಕೊಲ್ಲಿಯಲ್ಲಿರುವವರು ಡಯಾಲಿಸಿಸ್ ಯಂತ್ರಕ್ಕೆ ಹಣ ಕಳುಹಿಸುತ್ತಾರೆ. ಅಲ್ಲಾಹನು ಸ್ವೀಕರಿಸಲಿ. ಆದರೆ ಉದ್ಘಾಟನೆಯ ಮರುದಿನದಿಂದ ಚಾಲಕನ ಸಂಬಳ, ಡೀಸೆಲ್, ವಿಮೆ, ಟಯರ್, ಆಮ್ಲಜನಕದ ಮರುಪೂರಣ ಇವುಗಳ ಲೆಕ್ಕ ಶುರುವಾಗುತ್ತದೆ. ಆ ಲೆಕ್ಕ ಇಡುವವನಿಲ್ಲದಿದ್ದರೆ ದಾನದ ವಾಹನ ಮಸೀದಿಯ ಅಂಗಳದಲ್ಲಿ ತುಕ್ಕು ಹಿಡಿಯುತ್ತದೆ. ಯಂತ್ರವನ್ನು ಕೊಡುವುದು ಒಂದು ದಿನದ ಔದಾರ್ಯ, ಅದನ್ನು ಸಾವಿರ ದಿನ ನಡೆಸುವುದು ಆಡಳಿತ. ಮೊದಲನೆಯದಕ್ಕೆ ಫಲಕವಿದೆ, ಫೋಟೋ ಇದೆ. ಎರಡನೆಯದಕ್ಕೆ ಅಲ್ಲಾಹನ ಹೊರತು ಸಾಕ್ಷಿಯಿಲ್ಲ. ಇಖ್ಲಾಸ್ ಎಲ್ಲಿ ಹೆಚ್ಚು ಸುಲಭ ಎಂದು ಓದುಗರೇ ನಿರ್ಧರಿಸಲಿ.

ಈಗ ಇನ್ನಷ್ಟು ಕಹಿಯಾದ ವಿಷಯಕ್ಕೆ ಬರುತ್ತೇವೆ. ನಮ್ಮ ಸಮುದಾಯದ ಯಾರಾದರೂ ಅಂಥ ಹುದ್ದೆಗೆ ತಲುಪಿದರೆ ಅವರನ್ನು ಮೊದಲು ಪರೀಕ್ಷೆಗೊಡ್ಡುವವರು ಶತ್ರುಗಳಲ್ಲ, ನೆಂಟರು. "ನಮ್ಮವರು ಅಲ್ಲಿದ್ದಾರಲ್ಲ" ಎಂಬ ಒಂದು ವಾಕ್ಯ ಎಷ್ಟು ಪ್ರಾಮಾಣಿಕರ ನಿದ್ದೆ ಕೆಡಿಸಿಲ್ಲ! ಸರತಿ ತಪ್ಪಿಸಿ ಸ್ಕ್ಯಾನಿಂಗ್ ಮಾಡಿಸಿಕೊಡಿ, ಬಿಪಿಎಲ್ ಕಾರ್ಡ್ ಇಲ್ಲದಿದ್ದರೂ ಹೇಗಾದರೂ ಯೋಜನೆಯಲ್ಲಿ ಸೇರಿಸಿ, ನಮ್ಮ ಹುಡುಗನನ್ನು ಗುತ್ತಿಗೆಗೆ ತೆಗೆದುಕೊಳ್ಳಿ. ಒಪ್ಪಿದರೆ ಆತ ಸಮುದಾಯದ ಹೆಮ್ಮೆ. ಒಪ್ಪದಿದ್ದರೆ ಕುರ್ಚಿ ಸಿಕ್ಕಿತೆಂದು ನಮ್ಮನ್ನು ಮರೆತ ಎಂಬ ಬಿರುದು.

ಈ ಬೇಡಿಕೆಯ ಬೆಲೆಯನ್ನು ಲೆಕ್ಕ ಹಾಕಿ ನೋಡೋಣ. ಡಯಾಲಿಸಿಸ್ ಒಮ್ಮೆಗೆ ಸುಮಾರು ನಾಲ್ಕು ಗಂಟೆ ಹಿಡಿಯುತ್ತದೆ. ಒಂದು ಯಂತ್ರ ದಿನಕ್ಕೆ ಮೂರು ಪಾಳಿಯಂತೆ ವಾರಕ್ಕೆ ಆರು ದಿನ ನಡೆದರೆ ಹದಿನೆಂಟು ಸರದಿಗಳು. ರೋಗಿಯೊಬ್ಬನಿಗೆ ವಾರಕ್ಕೆ ಎರಡು ಬಾರಿ ಎಂದಿಟ್ಟುಕೊಂಡರೂ ಒಂದು ಯಂತ್ರಕ್ಕೆ ಒಂಬತ್ತು ಮಂದಿ. ಹತ್ತನೆಯವನಿಗೆ ಜಾಗವಿಲ್ಲ. ಫೋನ್ ಕರೆಯಿಂದ ಒಳಗೆ ಬಂದವನು ಗಾಳಿಯಿಂದ ಜಾಗ ಪಡೆಯುವುದಿಲ್ಲ, ಸರತಿಯಲ್ಲಿ ಅವನಿಗಿಂತ ಮುಂದಿದ್ದ ಯಾರದ್ದೋ ಜಾಗವನ್ನು ಪಡೆಯುತ್ತಾನೆ. ಆ ಯಾರೋ ಒಬ್ಬನಿಗೆ ಫೋನ್ ಮಾಡಿಸಲು ಯಾರೂ ಇಲ್ಲ. ಅವನು ಆಲೂರಿನ ಕೂಲಿಯಾಗಿರಬಹುದು, ದೋಣಿಗಲ್ಲಿನ ತೋಟದ ಮುದುಕಿಯಾಗಿರಬಹುದು. ಅವನು ಯಾವ ಧರ್ಮದವನಾದರೂ ಅವನ ಹಕ್ಕು ಹಕ್ಕೇ. ಪರಲೋಕದಲ್ಲಿ ಅವನು ಅದನ್ನು ಕೇಳಿದರೆ ಶಿಫಾರಸು ಮಾಡಿದವರ ಬಳಿ ಕೊಡಲು ಏನಿದೆ?

ಕಳವು ಮಾಡಿದ ಉನ್ನತ ಕುಲದ ಸ್ತ್ರೀಯೊಬ್ಬಳ ಪರವಾಗಿ ಹಝ್ರತ್ ಉಸಾಮಾ(ರ) ಶಿಫಾರಸು ತಂದಾಗ ಪ್ರವಾದಿಯವರು(ಸ) ಕೋಪಗೊಂಡುದನ್ನೂ, ತಮ್ಮ ಮಗಳು ಫಾತಿಮಾ ಆಗಿದ್ದರೂ ನ್ಯಾಯ ಬದಲಾಗದೆಂದು ಸಾರಿದುದನ್ನೂ ಎಲ್ಲರೂ ಬಲ್ಲರು. ಝಕಾತ್ ವಸೂಲಿಗೆ ಹೋದವನೊಬ್ಬ ಮರಳಿ ಬಂದು, ಇಷ್ಟು ನಿಮ್ಮದು, ಇಷ್ಟು ನನಗೆ ಬಂದ ಉಡುಗೊರೆ ಎಂದಾಗ, ತಂದೆತಾಯಿಯ ಮನೆಯಲ್ಲೇ ಕುಳಿತಿದ್ದರೆ ಆ ಉಡುಗೊರೆ ಬರುತ್ತಿತ್ತೇ ಎಂದು ಅವರು ಪ್ರಶ್ನಿಸಿದುದೂ ಬುಖಾರಿಯಲ್ಲಿದೆ. ಔಷಧ ಕಂಪೆನಿಯವರ ಹಬ್ಬದ ಪೆಟ್ಟಿಗೆ, ಗುತ್ತಿಗೆದಾರನ ಲಕೋಟೆ, ಬಿಲ್ಲು ಬೇಗ ಮಂಜೂರಾದ ಸಂತೋಷಕ್ಕೆ ಬಂದ ಸಿಹಿ, ಇವೆಲ್ಲವನ್ನೂ ಆ ಒಂದೇ ಪ್ರಶ್ನೆಯ ತಕ್ಕಡಿಯಲ್ಲಿ ತೂಗಿದರೆ ಸಾಕು, ಬೇರೆ ಫತ್ವಾ ಬೇಕಿಲ್ಲ.

ಆಕ್ಷೇಪಗಳು ಇವೆ. ಆ ವ್ಯವಸ್ಥೆಯೇ ಲಂಚದಲ್ಲಿ ಮುಳುಗಿದೆ, ಅಲ್ಲಿಗೆ ಮಕ್ಕಳನ್ನು ಕಳುಹಿಸಿ ಹರಾಮಿನಲ್ಲಿ ಬೀಳಿಸಬೇಕೇ ಎನ್ನುವವರಿದ್ದಾರೆ. ಅವರ ಭಯ ಸಣ್ಣದಲ್ಲ. ಆದರೆ ಕೆಸರೆಂದು ಒಳ್ಳೆಯವರೆಲ್ಲ ದೂರ ನಿಂತರೆ ಕೆಸರು ಒಣಗುವುದಿಲ್ಲ, ಬಡ ರೋಗಿ ಅದರಲ್ಲೇ ಹೂತು ಹೋಗುತ್ತಾನೆ. ಸಕಾಲ ಕಾಯ್ದೆ, ಮಾಹಿತಿ ಹಕ್ಕು ಕಾಯ್ದೆ, ಆಸ್ಪತ್ರೆಗಳ ಆರೋಗ್ಯ ರಕ್ಷಾ ಸಮಿತಿಗಳು ಪ್ರಾಮಾಣಿಕನಿಗೆ ಊರುಗೋಲಾಗಿ ಇವೆ. ಬಹಳಷ್ಟು ಹುದ್ದೆಗಳು ಗುತ್ತಿಗೆಯವು, ಸಂಬಳ ಕಡಿಮೆ ಎನ್ನುವವರೂ ಇದ್ದಾರೆ. ಅದು ನಿಜ, ಅದರ ವಿರುದ್ಧ ದನಿ ಎತ್ತುವುದು ನ್ಯಾಯ. ಅಂಥ ಅನ್ಯಾಯವನ್ನು ಅರಿತ ವ್ಯವಸ್ಥಾಪಕನೇ ತನ್ನ ಕೆಳಗಿನವರ ಹಣವನ್ನು ತಡೆಯದೆ ಬಿಡುಗಡೆ ಮಾಡಿಯಾನು. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲಿರುಳು ಕುಳಿತದ್ದು ತಿಂಗಳ ಗೌರವಧನದ ಖಾತರಿಗಾಗಿ. ದುಡಿದವನ ಬೆವರು ಆರುವ ಮೊದಲು ಕೂಲಿ ಕೊಡಬೇಕೆಂದು ಕಲಿಸಿದ ಪ್ರವಾದಿಯ(ಸ) ಅನುಯಾಯಿಯೊಬ್ಬನ ಮೇಜಿನ ಮೇಲೆ ಆಶಾ ಕಾರ್ಯಕರ್ತೆಯ ಪ್ರೋತ್ಸಾಹಧನದ ಕಡತ ಮೂರು ತಿಂಗಳು ಮಲಗಿದ್ದರೆ, ಅವನ ತಹಜ್ಜುದ್ ನಮಾಝ್ ಆ ಕಡತದ ಬದಲಿಗೆ ನಿಲ್ಲುವುದೇ?

ಈ ಬೆಟ್ಟಗಳ ತೋಟಗಳಿಗೆ ಅಸ್ಸಾಮ್, ಬಂಗಾಳ, ಝಾರ್ಖಂಡಿನಿಂದ ಬಂದ ಕಾರ್ಮಿಕ ಕುಟುಂಬಗಳನ್ನು ಇಲ್ಲಿ ನೆನೆಯಲೇಬೇಕು. 1951ರ ತೋಟ ಕಾರ್ಮಿಕರ ಕಾಯ್ದೆ ವೈದ್ಯಕೀಯ ಸೌಲಭ್ಯವನ್ನೂ, ಹೆಚ್ಚು ಹೆಣ್ಣಾಳುಗಳಿರುವ ತೋಟಗಳಲ್ಲಿ ಶಿಶುಪಾಲನೆಯ ಮನೆಯನ್ನೂ ಒದಗಿಸಬೇಕೆಂದು ಮಾಲೀಕರಿಗೆ ವಿಧಿಸಿತ್ತು. ಕಾಗದದ ಮೇಲಿನ ಹಕ್ಕು ಲೈನ್ ಮನೆಯ ಬಾಗಿಲಿಗೆ ತಾನಾಗಿ ನಡೆದು ಬರುವುದಿಲ್ಲ. ಆಯುಷ್ಮಾನ್ ಕಾರ್ಡ್ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೂ ಸಲ್ಲುತ್ತದೆ ಎಂಬುದು ಆ ತಾಯಿಗೆ ತಿಳಿಯದು. ಕನ್ನಡ ಬಾರದ ಆಕೆ ಕಿಟಕಿಯ ಮುಂದೆ ನಿಂತಾಗ, ದಾಖಲೆ ಇಲ್ಲವೆಂದು ಗದರಿಸಿ ಕಳುಹಿಸುವುದೂ ಒಬ್ಬ ಅಧಿಕಾರಿಯ ಕೈಯಲ್ಲಿದೆ, ಕೂರಿಸಿ ದಾರಿ ತೋರಿಸುವುದೂ ಅವನ ಕೈಯಲ್ಲಿದೆ. ಈ ಎರಡರ ನಡುವಿನ ಅಂತರಕ್ಕೆ ಇಹ್ಸಾನ್ ಎಂದು ಹೆಸರು.

ನಂಬಿಕೆಯೂ ಒಂದು ಔಷಧವೇ. 2020ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಮುಸ್ಲಿಮ್ ಬಡಾವಣೆಯೊಂದರಲ್ಲಿ ಕೊರೋನಾ ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆಯರ ಮೇಲೆ ಹಲ್ಲೆ ನಡೆಯಿತು. ಅದು ಯಾವ ನೆಪದಿಂದಲೂ ಸಮರ್ಥನೀಯವಲ್ಲ. ಪೌರತ್ವದ ಕುರಿತ ಆತಂಕ ಆಗ ಮನೆಮನೆಯಲ್ಲಿತ್ತು, ಸಮೀಕ್ಷೆಯೆಂದರೆ ಬೆಚ್ಚುವ ಸ್ಥಿತಿಯಿತ್ತು. ಆ ಆತಂಕವನ್ನು ಮೊದಲೇ ಅರಿತು, ಮಸೀದಿಯ ಇಮಾಮರನ್ನೂ ಮನೆಯ ಹೆಂಗಸರನ್ನೂ ಮುಂಚಿತವಾಗಿ ಕಂಡು, ಬರುವವರು ಯಾರು, ಏಕೆ ಬರುತ್ತಾರೆ ಎಂದು ತಿಳಿಸುವ ಅಧಿಕಾರಿಗಳು ಬೇಕು. ಆ ನೆಲವನ್ನೂ ಭಾಷೆಯನ್ನೂ ಬಲ್ಲವರು ಇಲಾಖೆಯೊಳಗಿದ್ದರೆ ಅದು ಇಲಾಖೆಗೂ ಒಳಿತು, ಜನರಿಗೂ ಒಳಿತು. ನಮ್ಮವರು ಅಲ್ಲಿರಬೇಕು ಎಂದು ನಾವು ಹೇಳುವುದು ಈ ಕಾರಣಕ್ಕೆ, ನಮ್ಮ ಕೆಲಸ ಸುಲಭವಾಗಲಿ ಎಂಬ ಕಾರಣಕ್ಕಲ್ಲ. ಈ ಎರಡು ಕಾರಣಗಳ ನಡುವೆ ಆಕಾಶ ಭೂಮಿಯಷ್ಟು ಅಂತರವಿದೆ.

ಆದುದರಿಂದ ಪೋಷಕರಲ್ಲಿ ನಮ್ಮ ವಿನಂತಿ: ಲೆಕ್ಕ, ಸಂಘಟನೆ, ಜನರೊಡನೆ ತಾಳ್ಮೆಯ ಮಾತು ಇವುಗಳಲ್ಲಿ ಗಟ್ಟಿಯಾದ ಮಗುವನ್ನು ವೈದ್ಯಕೀಯ ಸೀಟಿನ ಸೋತ ಸ್ಪರ್ಧಿಯೆಂದು ಕಾಣಬೇಡಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಆಸ್ಪತ್ರೆ ಆಡಳಿತಕ್ಕೂ ಸಾರ್ವಜನಿಕ ಆರೋಗ್ಯಕ್ಕೂ ಸ್ನಾತಕೋತ್ತರ ಶಿಕ್ಷಣವಿದೆ, ಸಮಾಜಕಾರ್ಯದ ಪದವಿಗಳಿವೆ, ಲೋಕಸೇವಾ ಆಯೋಗದ ಪರೀಕ್ಷೆಗಳಿವೆ. ಹೆಣ್ಣುಮಕ್ಕಳಿಗೆ ಇದು ತಕ್ಕುದಲ್ಲ ಎನ್ನುವವರು ರುಫೈದಾ(ರ)ರ ಗುಡಾರವನ್ನು ನೆನೆಯಲಿ. ಜಮಾಅತ್‌ಗಳು ವಿದ್ಯಾರ್ಥಿವೇತನದ ಒಂದು ಪಾಲನ್ನು ಈ ಶಿಕ್ಷಣಕ್ಕೆ ಮೀಸಲಿಡಲಿ. ತಾಲೂಕು ಆಸ್ಪತ್ರೆಯ ನಿಯಮಗಳನ್ನು ಓದಿ ಬಲ್ಲ ಇಬ್ಬರನ್ನು ಗೊತ್ತುಪಡಿಸಿ, ರೋಗಿಗಳಿಗೆ ಅರ್ಜಿ ತುಂಬಿಸಿ ಸರತಿಯಲ್ಲಿ ನಿಲ್ಲಲು ನೆರವಾಗಲಿ. ಸರತಿ ತಪ್ಪಿಸಲು ಮಾತ್ರ ಎಂದೂ ನೆರವಾಗದಿರಲಿ. ಖತೀಬರು ಅಮಾನತ್‌ನ ಕುರಿತು ಮಾತನಾಡುವಾಗ ಒತ್ತೆಯಿಟ್ಟ ಒಡವೆಯ ಉದಾಹರಣೆಯ ಜೊತೆಗೆ ಔಷಧದ ಉಗ್ರಾಣವನ್ನೂ ಒಂದು ಉದಾಹರಣೆಯಾಗಿ ಹೇಳಲಿ.

ಈಗಾಗಲೇ ಆ ಕುರ್ಚಿಯಲ್ಲಿ ಕುಳಿತಿರುವ ಸಹೋದರ ಸಹೋದರಿಯರಿಗೆ ಒಂದು ಮಾತು. ನೀವು ಸಹಿ ಹಾಕುವ ಪ್ರತಿ ಇಂಡೆಂಟ್, ತಿದ್ದುವ ಪ್ರತಿ ಪಾಳಿ ಪಟ್ಟಿ ಇಬಾದತ್ ಆಗಬಲ್ಲದು. ನೆಂಟರಿಗೆ ಇಲ್ಲವೆಂದ ದಿನ ಊರು ನಿಮ್ಮನ್ನು ದೂರಬಹುದು, ಸಹಿಸಿಕೊಳ್ಳಿ. ಪ್ರತಿಯೊಬ್ಬನೂ ಕುರುಬನೇ, ತನ್ನ ಮಂದೆಯ ಕುರಿತು ಪ್ರತಿಯೊಬ್ಬನೂ ಪ್ರಶ್ನಿಸಲ್ಪಡುವನೆಂದು ಪ್ರವಾದಿ(ಸ) ತಿಳಿಸಿದ್ದಾರೆ. ಯೂಫ್ರೆಟಿಸ್ ನದಿಯ ದಡದಲ್ಲಿ ಕುರಿಮರಿಯೊಂದು ಆರೈಕೆಯಿಲ್ಲದೆ ಸತ್ತರೂ ತನ್ನನ್ನು ಕೇಳಲಾದೀತೆಂದು ಹಝ್ರತ್ ಉಮರ್(ರ) ಅಂಜುತ್ತಿದ್ದರೆಂಬ ವರದಿಯಿದೆ. ಅವರು ಮದೀನಾದಲ್ಲಿದ್ದರು, ನದಿ ನೂರಾರು ಮೈಲಿ ಆಚೆಗಿತ್ತು. ಆದರೂ ದೂರವನ್ನು ಅವರು ನೆಪವಾಗಿಸಿಕೊಳ್ಳಲಿಲ್ಲ. ನಮ್ಮ ತಾಲೂಕಿನ ಲೈನ್ ಮನೆಗಳು ಅಷ್ಟು ದೂರವೂ ಇಲ್ಲ. ಕೀಲಿಕೈ ಹಿಡಿದವರಿಗೆ ಅಲ್ಲಾಹನು ಯೂಸುಫ್(ಅ)ರ ಎರಡೂ ಗುಣಗಳನ್ನು ದಯಪಾಲಿಸಲಿ, ಅವರ ಬಳಿಗೆ ಹೋಗುವ ನಮಗೆಲ್ಲ ಸರತಿಯಲ್ಲಿ ನಿಲ್ಲುವ ತಾಳ್ಮೆಯನ್ನು ಕರುಣಿಸಲಿ. ಆಮೀನ್.